ಆರು ಮೀಟರ್ ಆಳದಲ್ಲಿ ನಿಲ್ಲಲು ಕಲಿಸಿದ ನಾಲ್ಕು ದಿನ

ಡಿಕಂಪ್ರೆಷನ್ ಡೈವಿಂಗ್ (ಆಳದಲ್ಲಿ ದೇಹಕ್ಕೆ ಸೇರಿದ ಅನಿಲ ಹೊರಹೋಗಲೆಂದು, ಮೇಲೇರುವಾಗ ನಿಗದಿತ ಆಳಗಳಲ್ಲಿ ನಿಂತು ಬರುವ ಡೈವಿಂಗ್) ಕಲಿಯಬೇಕೆಂಬ ಆಸೆಯಿಂದ, ಅದಕ್ಕೂ ಮುನ್ನ ಮಾಡುವ ‘ಇಂಟ್ರೊ ಟು ಟೆಕ್’ ತರಬೇತಿಗೆ ಸೇರಿದ್ದೆ. ಮನರಂಜನಾ ಡೈವಿಂಗ್‌ನ ಮಿತಿ ಮೀರಿದ ಇಂಥ ತಾಂತ್ರಿಕ ಡೈವಿಂಗ್‌ನ ಮೊದಲ ಮೆಟ್ಟಿಲಿಗೆ ಹಲವು ಸಂಸ್ಥೆಗಳು ಕೇಳುವುದು 25–30 ಡೈವ್. ನನ್ನ ಲಾಗ್‌ಬುಕ್‌ನಲ್ಲಿ 112 ಇದ್ದವು. ತರಬೇತುದಾರರು ಅದನ್ನು ಒಮ್ಮೆ ತಿರುವಿಹಾಕಿ ಪಕ್ಕಕ್ಕಿಟ್ಟರು. “ಆರು ಮೀಟರ್‌ನಲ್ಲಿ ಐದು ನಿಮಿಷ ಅಲುಗಾಡದೆ ನಿಂತು ತೋರಿಸಿ” ಎಂದರು.

ನಿಂತೆ. ಮೂರನೇ ನಿಮಿಷಕ್ಕೆ ಮಾಸ್ಕ್ ತೆಗೆಯುವಂತೆ ಸನ್ನೆ ಮಾಡಿದರು. ತೆಗೆದು, ಮತ್ತೆ ಹಾಕಿಕೊಂಡು, ಮೂಗಿನಿಂದ ಗಾಳಿ ಊದಿ ನೀರು ಹೊರಹಾಕಿ ಕಣ್ಣು ಬಿಟ್ಟರೆ ಡೈವ್ ಕಂಪ್ಯೂಟರ್ 3.8 ಮೀಟರ್ ತೋರಿಸುತ್ತಿತ್ತು. ಮೇಲೇರಿದ್ದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಸಂಜೆ ವಿಡಿಯೊದಲ್ಲಿ ನೋಡಿದೆ: ಮೊಣಕಾಲುಗಳು ಜೋತುಬಿದ್ದಿವೆ, ಫಿನ್‌ಗಳು ಒಂದೇ ಸಮನೆ ಬಡಿಯುತ್ತಿವೆ, ಆ ಬಡಿತವೇ ನನ್ನನ್ನು ಮೇಲಕ್ಕೆ ತಳ್ಳುತ್ತಿದೆ.

ಎರಡು ಮೀಟರ್ ಏನು ಮಹಾ ಎನ್ನುವವರಿಗೆ ತರಬೇತುದಾರರು ಕೊಟ್ಟ ವಿವರಣೆ ಇದು. ಮನರಂಜನಾ ಡೈವಿಂಗ್‌ನಲ್ಲಿ, ಅಂದರೆ 40 ಮೀಟರ್‌ನೊಳಗೆ, ಎಡವಟ್ಟಾದರೆ ನಿಧಾನವಾಗಿ ನೇರ ಮೇಲಕ್ಕೆ ಬರಬಹುದು. ಡಿಕಂಪ್ರೆಷನ್ ಬಾಕಿ ಉಳಿದಾಗ ತಲೆಯ ಮೇಲೆ ಕಣ್ಣಿಗೆ ಕಾಣದ ಸೂರು ಇರುತ್ತದೆ. ಕೊನೆಯ ನಿಲುಗಡೆಯಲ್ಲಿ ಶುದ್ಧ ಆಮ್ಲಜನಕ ಉಸಿರಾಡುತ್ತಿದ್ದರೆ ಆರು ಮೀಟರ್‌ನಲ್ಲಿ ಅದರ ಆಂಶಿಕ ಒತ್ತಡ, ಅಂದರೆ ಆ ಅನಿಲದ ಪಾಲಿನ ಒತ್ತಡ, 1.6 ಬಾರ್ (ಮೇಲ್ಮೈಯಲ್ಲಿ ಗಾಳಿಯ ಒತ್ತಡ ಸುಮಾರು ಒಂದು ಬಾರ್), ಮಿತಿಯೂ ಅಷ್ಟೇ. ಕೆಳಗೆ ಜಾರಿದರೆ ಆಮ್ಲಜನಕ ಅತಿಯಾಗಿ ಫಿಟ್ಸ್ ಬಂದು, ಉಸಿರಾಡುವ ರೆಗ್ಯುಲೇಟರ್ ಬಾಯಿಂದ ಕಳಚುವ ಅಪಾಯ, ಮೇಲಕ್ಕೆ ತೇಲಿಹೋದರೆ ರಕ್ತದಲ್ಲಿ ಗುಳ್ಳೆಗಳ ಅಪಾಯ. ಕೈಗಳು ಬೇರೆ ಕೆಲಸದಲ್ಲಿರುವಾಗಲೂ ದೇಹ ತಾನಾಗಿ ಆಳ ಕಾಯ್ದುಕೊಳ್ಳಬೇಕು. ನನ್ನ 112 ಡೈವ್‌ಗಳಲ್ಲಿ ಬಹುಪಾಲು ಮಾರ್ಗದರ್ಶಕರ ಬೆನ್ನ ಹಿಂದೆ ಈಜಿ ಮುಗಿಸಿದಂಥವು. ಅವು ಇದನ್ನು ಕಲಿಸಿರಲಿಲ್ಲ.

ಅತ್ಯಂತ ಬೆಲೆಬಾಳಿದ್ದು ಮೂರನೇ ದಿನದ ಗಾಳಿಯ ಲೆಕ್ಕ. ಹತ್ತು ಮೀಟರ್ ಆಳದಲ್ಲಿ 12 ಲೀಟರ್ ಸಿಲಿಂಡರ್‌ನೊಂದಿಗೆ ಹತ್ತು ನಿಮಿಷ ನಿರಾಳವಾಗಿ ಈಜಿದಾಗ 30 ಬಾರ್ ಖರ್ಚಾಯಿತು. ಆ ಆಳದಲ್ಲಿ ಒತ್ತಡ ಮೇಲ್ಮೈಯ ಎರಡು ಪಟ್ಟು, ಹಾಗಾಗಿ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 18 ಲೀಟರ್. ಅದೇ ಆಳದಲ್ಲಿ, ಅಷ್ಟೇ ಹೊತ್ತು, ಒಂದರ ಮೇಲೊಂದು ಸಮಸ್ಯೆ ಒಡ್ಡಿದಾಗ 45 ಬಾರ್, ಅಂದರೆ 27 ಲೀಟರ್. ನಲವತ್ತು ಮೀಟರ್‌ನಲ್ಲಿ ಇದು ಐದು ಪಟ್ಟಾಗುತ್ತದೆ. ಗಾಬರಿಗೊಂಡ ಇಬ್ಬರು ಒಂದೇ ಸಿಲಿಂಡರ್ ಹಂಚಿಕೊಂಡರೆ ಎಷ್ಟು ನಿಮಿಷ? 200 ಬಾರ್ ತುಂಬಿದ್ದರೂ ಒಂಬತ್ತು ನಿಮಿಷವಿಲ್ಲ. ಆ ಲೆಕ್ಕ ನಾನೇ ಪೆನ್ಸಿಲ್ ಹಿಡಿದು ಮಾಡಿದ್ದರಿಂದ ಮರೆಯುವಂತಿಲ್ಲ.

ಒಂದು ಕೊರತೆ ಹೇಳಲೇಬೇಕು. ಬೆನ್ನ ಹಿಂದೆ ಕೈಚಾಚಿ ಟ್ವಿನ್‌ಸೆಟ್‌ನ (ಬೆನ್ನಿಗೆ ಕಟ್ಟುವ ಜೋಡಿ ಸಿಲಿಂಡರ್) ವಾಲ್ವ್‌ಗಳನ್ನು ಮುಚ್ಚಿ ತೆರೆಯುವ ಅಭ್ಯಾಸಕ್ಕೆ ಅರ್ಧ ದಿನ ಸಾಲದು. ನನ್ನ ಬೆರಳು ಎಡ ವಾಲ್ವ್‌ಗೆ ಎಟುಕಲಿಲ್ಲ. ಹಾರ್ನೆಸ್ ಪಟ್ಟಿ ಸಡಿಲಿಸಿದರೆ ಎಟುಕುತ್ತದೆ ಎಂಬುದು ತಿಳಿಯುವಷ್ಟರಲ್ಲಿ ಅವಧಿ ಮುಗಿದಿತ್ತು. ಐದನೇ ದಿನವೊಂದನ್ನು ಸೇರಿಸಬೇಕು.

ಕೊನೆಯಲ್ಲಿ ಅವರು ನನ್ನನ್ನು ತೇರ್ಗಡೆ ಮಾಡಲಿಲ್ಲ. ಮುಲಾಜಿಲ್ಲದೆ, ಆದರೆ ಮನನೋಯದಂತೆ ಹೇಳಿದರು: “ಇನ್ನು 25 ಡೈವ್ ಮಾಡಿ, ಎಲ್ಲವೂ ಹದಿನೈದು ಮೀಟರ್‌ನೊಳಗೆ. ಪ್ರತಿಯೊಂದರಲ್ಲೂ ಮಾಸ್ಕ್, ವಾಲ್ವ್, ಗಾಳಿ ಹಂಚಿಕೆ. ವಿಡಿಯೊ ತನ್ನಿ.” ಹಣ ಕಟ್ಟಿದವರಿಗೆಲ್ಲ ಪ್ರಮಾಣಪತ್ರ ಕೊಟ್ಟ ತರಬೇತಿಯೊಂದನ್ನು ಹಿಂದೆ ನಾನು ಕಂಡಿದ್ದೇನೆ. ಅದಕ್ಕೇ ಈ ‘ಇಲ್ಲ’ ಎಂಬ ಮಾತಿಗೆ ನಾನು ಕೃತಜ್ಞ. ಮುಂದಿನ ಕೋರ್ಸಿಗೆ ಆತುರಪಡುತ್ತಿರುವ ಯಾರಿಗಾದರೂ ಮೊದಲು ಈ ತರಬೇತಿಗೆ ಹೋಗಿ ಎಂದೇ ಹೇಳುತ್ತೇನೆ.

ಇಲ್ಲಿಯವರೆಗೆ ಹನ್ನೊಂದು ಮುಗಿದಿವೆ. ನಿನ್ನೆ ಮಾಸ್ಕ್ ತೆಗೆದು ಹಾಕುವಷ್ಟರಲ್ಲಿ ಆಳ 6.3 ಮತ್ತು 5.8ರ ನಡುವೆಯೇ ಇತ್ತು. ಎಡ ಮೊಣಕಾಲು ಮಾತ್ರ ಇನ್ನೂ ಇಳಿಬೀಳುತ್ತಿದೆ.