ಕಾಲಿಗೆ ಕಟ್ಟುವ ಯೂರಿನ್ ಬ್ಯಾಗ್: ಏಳು ವಾರ ಕಟ್ಟಿಕೊಂಡವನ ಅನುಭವ

ಐದಕ್ಕೆ ಮೂರೂವರೆ ಸ್ಟಾರ್. ಕಳೆದ ಒಂದೂವರೆ ಪೂರ್ತಿ ಅದನ್ನು ಕಾಲಿಗೆ ಬಿಗಿಯುವ ಪಟ್ಟಿಯ ಲೆಕ್ಕಕ್ಕೆ.

ಒಂದು ವರ್ಷದಿಂದ ನನಗೆ ಬಟ್ಟೆಯಲ್ಲೇ ಹನಿ ಹನಿ ಹೋಗುತ್ತಿತ್ತು. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದೆ. ನೋವು ಮಾತ್ರ ಇಲ್ಲವೇ ಇಲ್ಲ. ಮೂತ್ರ ಜಾಸ್ತಿ ಆಗುತ್ತಿದೆ ಅಂದುಕೊಂಡು ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದೆ. ಎಂಥ ಪೆದ್ದತನ! ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು, ಮೂತ್ರಕೋಶ ಖಾಲಿಯಾಗುತ್ತಲೇ ಇರಲಿಲ್ಲ, ತುಂಬಿ ತುಳುಕಿದ್ದಷ್ಟೇ ಆಚೆ ಬರುತ್ತಿತ್ತು. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರದ ದಾರಿ ಅಮುಕಿತ್ತು. ಒತ್ತಡ ಹಿಂದಕ್ಕೆ ಬಿದ್ದು ಎರಡೂ ಕಿಡ್ನಿ ಊದಿದ್ದವು. ಕಿಡ್ನಿ ಸೋಸಿ ಹಾಕಬೇಕಾದ ಕಸ, ಅಂದರೆ ರಕ್ತದಲ್ಲಿನ ಕ್ರಿಯಾಟಿನಿನ್, 4.2ಕ್ಕೆ ಏರಿತ್ತು. ಮೂತ್ರ ಹೊರತೆಗೆಯುವ ಟ್ಯೂಬ್ (ಕ್ಯಾತಿಟರ್) ಹಾಕಿದಾಗ 1,400 ಮಿ.ಲೀ. ಬಂತು. ಕಿಡ್ನಿ ಸ್ವಲ್ಪ ಸುಧಾರಿಸಲಿ, ಆಮೇಲೆ ಆಪರೇಷನ್ ಎಂದು ಟ್ಯೂಬಿನ ಸಮೇತ ಮನೆಗೆ ಕಳಿಸಿದರು.

ಜೊತೆಗೆ ಬಂದ 2 ಲೀಟರ್ ಬ್ಯಾಗ್ ಮಂಚಕ್ಕೆ ನೇತುಹಾಕಲು ಸರಿ. ಅದನ್ನು ಕೈಯಲ್ಲಿ ಹಿಡಿದು ಒಂದು ದಿನ ಬಾಗಿಲು ತೆಗೆದೆ. ಬಂದವರು ನನ್ನ ಮುಖ ನೋಡಲೇ ಇಲ್ಲ. ಮರುದಿನವೇ ಈ 750 ಮಿ.ಲೀ. ಬ್ಯಾಗ್ ತರಿಸಿದೆ.

ಪ್ಯಾಂಟಿನೊಳಗೆ ಇದ್ದದ್ದೇ ತಿಳಿಯೋದಿಲ್ಲ. ಒಳಗೆ ಹೋದದ್ದು ವಾಪಸ್ ಟ್ಯೂಬಿಗೆ ಏರದಂತೆ ವಾಲ್ವ್ ಇದೆ. ಕೆಳಗಿನ ನಲ್ಲಿಯಂತೂ ಬಹಳ ಹಿಡಿಸಿತು. ನನ್ನ ಬೆರಳು ಗಂಟು ಕಟ್ಟಿವೆ, ಆದರೂ ಒಂದೇ ಒತ್ತಿಗೆ ತೆರೆಯುತ್ತದೆ.

ಪಟ್ಟಿ ಮಾತ್ರ ದಂಡ. ಬೆವರು ತಾಗಿದರೆ ಎಲಾಸ್ಟಿಕ್ ಸಡಿಲ, ಬ್ಯಾಗ್ ಜಾರುತ್ತದೆ, ಟ್ಯೂಬ್ ಜಗ್ಗುತ್ತದೆ. ಎಲ್ಲಿ ಜಗ್ಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಬಿಗಿ ಮಾಡಿದರೆ ತೊಡೆಯಲ್ಲಿ ಬರೆ. ಮೂರನೇ ವಾರ ಅದನ್ನು ಎಸೆದು ಅಗಲವಾದ ಬಟ್ಟೆಯ ವೆಲ್ಕ್ರೋ ಪಟ್ಟಿ ಹಾಕಿಕೊಂಡೆ. ಅರ್ಧ ತುಂಬಿದ ಕೂಡಲೇ ಖಾಲಿ ಮಾಡುತ್ತೇನೆ, ಭಾರವೂ ಕಡಿಮೆ.

ರಾತ್ರಿಗೆ ಇದರ ನಲ್ಲಿಗೇ ದೊಡ್ಡ ಬ್ಯಾಗಿನ ಪೈಪು ಸಿಕ್ಕಿಸಬಹುದು. ಮೊದಲ ರಾತ್ರಿ ಸಿಕ್ಕಿಸಿದೆ, ನಲ್ಲಿ ತೆಗೆಯೋದು ಮರೆತೆ. ಬೆಳಗಿನ ಜಾವ ಹೊಟ್ಟೆಯ ಕೆಳಗೆ ಕಲ್ಲಿನ ಹಾಗೆ ಬಿಗಿತ, ಕಾಲಿನ ಬ್ಯಾಗ್ ಬಲೂನು, ದೊಡ್ಡದರಲ್ಲಿ ಒಂದು ಹನಿಯೂ ಇಲ್ಲ. ಇದು ಬ್ಯಾಗಿನ ತಪ್ಪಲ್ಲ, ಸ್ಟಾರ್ ಕಳೆದಿಲ್ಲ.

ಕಳೆದ ವಾರ ಕ್ರಿಯಾಟಿನಿನ್ 1.8ಕ್ಕೆ ಇಳಿದಿದೆ. ಆಪರೇಷನ್‌ಗೆ ದಿನ ಗೊತ್ತಾಗಿದೆ. ಅಲ್ಲಿಯವರೆಗೆ ದೀಪ ಆರಿಸುವ ಮುಂಚೆ ನನ್ನ ಹೆಂಡತಿಯದು ಒಂದೇ ಪ್ರಶ್ನೆ: "ನಲ್ಲಿ ತೆಗೆದ್ರಾ?"