ಬಾತ ಮೊಣಕಾಲನ್ನು ಒತ್ತಿ ಬಗ್ಗಿಸುವ ಶಿಬಿರಕ್ಕೆ ಹೋಗಬೇಡಿ

ಕೀಲು ನೋವು ಇರುವವರು, ಅದರಲ್ಲೂ ರುಮಟಾಯ್ಡ್ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬಿದ್ದು ಬಾವು ತರುವ ಕಾಯಿಲೆ) ಇರುವವರು ದಯವಿಟ್ಟು ಇದನ್ನು ಓದಿ. ಕಲಬುರಗಿಯಲ್ಲಿ ನಮ್ಮ ಬಡಾವಣೆಯಲ್ಲೇ ನಡೆದ ಒಂದು ಮೊಣಕಾಲು ನೋವಿನ ಶಿಬಿರಕ್ಕೆ ಹೋಗಿ ನನ್ನ ಅಕ್ಕ ಹಾಸಿಗೆ ಹಿಡಿದಳು. ಅದನ್ನು ನಡೆಸಿದಾತ ಈಗ ಇನ್ನೊಂದು ಓಣಿಯಲ್ಲಿ ಫ್ಲೆಕ್ಸ್ ಕಟ್ಟಿಸಿದ್ದಾನೆಂದು ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅವನ ಹೆಸರು ಬರೆಯುತ್ತಿಲ್ಲ. ನಾಳೆ ಬೇರೆ ಹೆಸರಿನವನು ಬರಬಹುದು, ಮಾಡಿಸುವ ರೀತಿ ಇದೇ ಇದ್ದರೆ ದೂರ ಇರಿ.

ಅಕ್ಕನಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಬಂದು ಬಹಳ ವರ್ಷವಾಯಿತು. ಕಾಯಿಲೆ ಹತೋಟಿಯಲ್ಲಿಡಲು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಗುಳಿಗೆ, ಅದರ ಅಡ್ಡಪರಿಣಾಮ ತಗ್ಗಿಸಲು ಜೊತೆಗೆ ಫೋಲಿಕ್ ಆಸಿಡ್. ರೊಟ್ಟಿ ಬಡಿಯುವುದೊಂದು ಬಿಟ್ಟರೆ ಮನೆಗೆಲಸವೆಲ್ಲ ಅವಳೇ ಮಾಡುತ್ತಿದ್ದಳು. ನೆರೆಯ ಹೆಣ್ಣುಮಕ್ಕಳೆಲ್ಲ ಹೊರಟಾಗ ಅವಳೂ ಹೋದಳು. ಮೊದಲ ಕೆಲವು ದಿನ ಉಚಿತ, ಆಮೇಲೆ ಫೀ. ಶಹಾಬಾದ್ ಫರ್ಸಿಯ ಮೇಲೆ ತೆಳ್ಳನೆಯ ಜಮಖಾನೆ ಹಾಸಿ ಎಲ್ಲರನ್ನೂ ಕೂರಿಸಿದ್ದರು. ಯಾರಿಗೆ ಯಾವ ಕಾಯಿಲೆ, ಯಾವ ಔಷಧಿ ನಡೆದಿದೆ, ಯಾವ ಕೀಲು ಬಾತಿದೆ ಎಂದು ಒಬ್ಬರನ್ನೂ ಕೇಳಲಿಲ್ಲ. ವಯಸ್ಸಾಗಿ ಮೊಣಕಾಲು ಸವೆದವರು, ಶುಗರ್ ಇದ್ದವರು, ನಮ್ಮ ಅಕ್ಕನಂಥವರು, ಎಲ್ಲರಿಗೂ ಒಂದೇ ಬೈಠಕ್, ಒಂದೇ ವಜ್ರಾಸನ.

ಆ ವಾರ ಅಕ್ಕನ ಬಲ ಮೊಣಕಾಲು ಬಾತು ಬಿಸಿಯಾಗಿತ್ತು. ಅವಳು ಬಾಯಿಬಿಟ್ಟು ಹೇಳಿದ್ದಾಳೆ: ‘ಸರ್, ಬಾವು ಅದರಿ, ಬಗ್ಗಂಗಿಲ್ಲ.’ ಅದಕ್ಕೆ ಅವನು, ‘ಅಕ್ಕಾರ, ಒಳಗ ಗ್ರೀಸ್ ಖಾಲಿ ಆಗ್ಯಾದ, ಬಗ್ಗಿಸಿದ್ರನ ಮತ್ತ ತಯಾರಾಗ್ತದ. ನೋವು ಬಂದ್ರ ಛಲೋನ ಅಂತ ತಿಳ್ಕೋರಿ’ ಅಂದನಂತೆ. ವಜ್ರಾಸನದಲ್ಲಿ ಕೂರಿಸಿ, ಹಿಂದಿನಿಂದ ಎರಡೂ ಭುಜ ಹಿಡಿದು ಕೆಳಗೆ ಒತ್ತಿದ. ಮೊಣಕಾಲಿನ ಹಿಂದೆ ಏನೋ ಹರಿದಂತಾಯಿತು ಎಂದಳು ಅಕ್ಕ. ಸಂಜೆಯ ಹೊತ್ತಿಗೆ ಮೀನಖಂಡ ಗಟ್ಟಿಯಾಗಿ ಊದಿಕೊಂಡು ನೆಲಕ್ಕೆ ಕಾಲಿಡಲು ಆಗಲಿಲ್ಲ. ಮರುದಿನ ಹರಡಿನ (ಪಾದದ ಕೀಲಿನ) ಸುತ್ತ ನೀಲಿಗಟ್ಟಿತು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಹೆದರಿದ್ದು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇನೋ ಎಂದು. ಆ ಹೆಪ್ಪು ಕಿತ್ತು ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಅಪಾಯ. ತಕ್ಷಣ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಹೆಪ್ಪು ಇರಲಿಲ್ಲ, ಒಡೆದದ್ದು ಬೇಕರ್ಸ್ ಸಿಸ್ಟ್. ಮೊಣಕಾಲೊಳಗೆ ನೀರು ಹೆಚ್ಚಾದಾಗ ಅದು ಹಿಂಬದಿಗೆ ಜರುಗಿ ಚೀಲದಂತೆ ನಿಲ್ಲುತ್ತದೆ. ಅಂಥ ಕಾಲನ್ನು ಪೂರ್ತಿ ಮಡಚಿ ಮೇಲಿಂದ ಭಾರ ಹಾಕುವುದೆಂದರೆ ನೀರು ತುಂಬಿದ ಬಲೂನನ್ನು ಹಿಂಡಿದಂತೆ. ಚೀಲ ಒಡೆದು ನೀರು ಮೀನಖಂಡದೊಳಗೆ ಇಳಿದಿತ್ತು.

ನನಗೆ ಇದಕ್ಕಿಂತ ಹೆಚ್ಚು ನಡುಕ ಹುಟ್ಟಿಸಿದ್ದು ಇನ್ನೊಂದು. ಶಿಬಿರದಲ್ಲಿ ಮುಂದಿನ ದಿನಗಳಲ್ಲಿ ಸರ್ವಾಂಗಾಸನ (ಕುತ್ತಿಗೆ, ಭುಜದ ಮೇಲೆ ಭಾರ ಹಾಕಿ ಕಾಲು ಮೇಲೆತ್ತುವ ಆಸನ) ಮಾಡಿಸುವುದಿತ್ತಂತೆ. ಅದನ್ನು ಕೇಳಿದ ಡಾಕ್ಟರು ಕುತ್ತಿಗೆಯ ಎಕ್ಸ್‌ರೇ ತೆಗೆಸಿದರು. ರುಮಟಾಯ್ಡ್ ಬಹಳ ವರ್ಷದಿಂದ ಇದ್ದವರಲ್ಲಿ ಕುತ್ತಿಗೆಯ ಮೇಲ್ತುದಿಯ ಎರಡು ಮೂಳೆಗಳನ್ನು ಕಟ್ಟಿ ಹಿಡಿದ ತಂತುಗಳು ಸಡಿಲಾಗಿರಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ, ಎಷ್ಟೋ ಸಲ ನೋವೂ ಇರುವುದಿಲ್ಲ. ಅಂಥವರನ್ನು ತಲೆಕೆಳಗಾಗಿ ನಿಲ್ಲಿಸಿದರೆ, ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಿದರೆ ಬೆನ್ನುಹುರಿಗೆ ಪೆಟ್ಟು ಬೀಳಬಹುದು. ಯೋಗ ಕಲಿಸುವವರೆಲ್ಲ ಇದನ್ನು ತಿಳಿದಿರಬೇಕು. ಕ್ಷೌರದಂಗಡಿಯಲ್ಲಿ ಮಾಲೀಶು ಮಾಡಿಸಿ ಕುತ್ತಿಗೆ ತಿರುಗಿಸಿ ಲಟಿಕೆ ತೆಗೆಸಿಕೊಳ್ಳುವ ಗಂಡಸರಲ್ಲಿಯೂ ರುಮಟಾಯ್ಡ್ ಇದ್ದವರು ಅದನ್ನು ಇವತ್ತೇ ಬಿಡಿ.

ಶಿಬಿರದಲ್ಲಿ ಒಂದು ಪುಡಿಯ ಪೊಟ್ಟಣವನ್ನೂ ಕೊಟ್ಟಿದ್ದರು. ಅದರ ಮೇಲೆ ತಯಾರಕರ ಹೆಸರಿಲ್ಲ, ಲೈಸೆನ್ಸ್ ನಂಬರ್ ಇಲ್ಲ, ತಾರೀಖಿಲ್ಲ. ಅಕ್ಕ ಮುಟ್ಟಲಿಲ್ಲ, ಪುಣ್ಯ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸುವುದುಂಟು. ನೋವು ಎರಡೇ ದಿನದಲ್ಲಿ ಮಾಯವಾಗುತ್ತದೆ, ಆಮೇಲೆ ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ. ಪೊಟ್ಟಣವನ್ನು ಡಾಕ್ಟರ ಮುಂದಿಟ್ಟು ಕೇಳಿ.

ಇಷ್ಟಾದ ಮೇಲೆ ಮನೆಗೆ ಬಂದವರೆಲ್ಲ ಅಕ್ಕನಿಗೆ ‘ಇನ್ನ ಕಾಲು ಅಲ್ಲಾಡಸಬ್ಯಾಡ್ರಿ, ಆರಾಮ್ ಮಾಡ್ರಿ’ ಎನ್ನತೊಡಗಿದರು. ಪ್ರೀತಿಯಿಂದ ಹೇಳಿದ್ದೇ, ಆದರೆ ತಪ್ಪು. ಮೊಣಕಾಲನ್ನು ಹಿಡಿದು ನಿಲ್ಲಿಸುವುದು ತೊಡೆಯ ಮುಂದಿನ ಸ್ನಾಯು. ಮಲಗಿದಲ್ಲೇ ಇದ್ದರೆ ಅದು ಬೇಗ ಸೊರಗಿ, ಮತ್ತಷ್ಟು ಭಾರ ಕೀಲಿನ ಮೇಲೆ ಬೀಳುತ್ತದೆ. ಶಿಬಿರದವನು ನಮ್ಮ ಹೆಣ್ಣುಮಕ್ಕಳಿಗೆ ಮಾಡಿದ ದೊಡ್ಡ ಅನ್ಯಾಯವೆಂದರೆ, ವ್ಯಾಯಾಮವೆಂದರೇ ಹೆದರುವಂತೆ ಮಾಡಿದ್ದು.

ಬಾವು ಇಳಿದ ಮೇಲೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದು ಬಹಳ ಸರಳ. ಮಂಚದ ಮೇಲೆ ಕಾಲು ಚಾಚಿ, ಮೊಣಕಾಲ ಕೆಳಗೆ ಟವೆಲ್ ಸುತ್ತಿಟ್ಟು ಅದನ್ನು ಐದೆಣಿಸುವವರೆಗೆ ಒತ್ತಿ ಬಿಡುವುದು. ಕಾಲನ್ನು ನೇರವಾಗಿ ಒಂದು ಗೇಣು ಎತ್ತಿ ಇಳಿಸುವುದು. ಎತ್ತರದ ಕುರ್ಚಿಯಿಂದ ಎದ್ದು ಕೂರುವುದು. ಕೀಲು ಬಿಗಿ ಹಿಡಿದಿರುತ್ತದೆಂದು ಎದ್ದ ಕೂಡಲೇ ಬೇಡ, ಬಿಸಿನೀರು ಸ್ನಾನ ಮಾಡಿ ಮೈ ಸಡಿಲಾದ ಮೇಲೆ ಮಾಡಲು ಹೇಳಿದರು. ಎಷ್ಟು ಮಾಡಬೇಕು ಎನ್ನುವುದಕ್ಕೆ ಒಂದು ಅಳತೆ ಕೊಟ್ಟರು: ಮುಗಿಸಿ 2 ಗಂಟೆಯಾದರೂ ನೋವು ಮೊದಲಿಗಿಂತ ಹೆಚ್ಚೇ ಇದ್ದರೆ ಅದು ಅತಿಯಾಯಿತು, ಮರುದಿನ ಕಡಿಮೆ ಮಾಡಿ. ಕೀಲು ಬಾತು ಬಿಸಿಯಿರುವ ದಿನ ಭಾರ ಹಾಕುವ ವ್ಯಾಯಾಮ ಬೇಡ, ಬಿಸಿ ಶಾಖವೂ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸು ಇಟ್ಟು, ನೋವಾಗದಷ್ಟು ಮಾತ್ರ ನಿಧಾನ ಮಡಚಿ ಚಾಚಿದರೆ ಸಾಕು.

ಈಗ ಅವಳು ಶರಣಬಸವೇಶ್ವರ ಕೆರೆಯ ದಂಡೆಗೆ ವಾಕಿಂಗ್ ಬರುತ್ತಾಳೆ, ಬೂಟು ಹಾಕಿಕೊಂಡು. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುವುದರಿಂದ ಬಿಸಿಲೇರುವ ಮೊದಲೇ ಮುಗಿಸುತ್ತೇವೆ. ವಾರಕ್ಕೆ 150 ನಿಮಿಷ ನಡೆಯಿರಿ ಎನ್ನುವುದು ಕೀಲು ನೋವಿನವರಿಗೂ ಹೊಂದುವ ಗುರಿಯೇ, ಹತ್ತು ಹತ್ತು ನಿಮಿಷವಾಗಿ ಒಡೆದುಕೊಂಡರೂ ನಡೆಯುತ್ತದೆ. ಬಲಗಾಲು ನೋಯುವಾಗ ಕೋಲನ್ನು ಎಡಗೈಯಲ್ಲಿ ಹಿಡಿಯಬೇಕೆಂದು ನಮಗೆ ಗೊತ್ತಿರಲಿಲ್ಲ. ಮೈ ಭಾರ ಇದ್ದವರಿಗೆ ಇನ್ನೊಂದು ಮಾತು: 1 ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು 4 ಕಿಲೋ ಭಾರ ಕಡಿಮೆಯಾಗುತ್ತದೆ.

ನಿಮ್ಮ ಅವ್ವನೋ ಅತ್ತೆಯೋ ಇಂಥ ಶಿಬಿರಕ್ಕೆ ಹೊರಟಿದ್ದರೆ, ಜೊತೆಗೆ ಹೋಗಿ ಹೇಳಿಕೊಡುವವರು ಏನು ಓದಿದ್ದಾರೆಂದು ಕೇಳಿ. ಫಿಸಿಯೋಥೆರಪಿಗೆ ಬಿಪಿಟಿ ಎನ್ನುವ ಪದವಿ ಇದೆ. ಓದಿದವರು ಕೇಳಿದರೆ ಸಿಟ್ಟಾಗುವುದಿಲ್ಲ. ಯಾರಾದರೂ ನಡೆದಿರುವ ಗುಳಿಗೆ ಬಿಡಿ ಎಂದರೆ, ಮೈಮೇಲೆ ಕೈಹಾಕಿ ಒತ್ತಿದರೆ ಅಲ್ಲಿಂದ ಎದ್ದು ಬನ್ನಿ. ಮೀನಖಂಡ ಒಮ್ಮೆಲೇ ಊದಿದರೆ, ಒಂದು ಕೀಲು ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ, ಕೈಕಾಲು ಜೋಮು ಹಿಡಿದು ಶಕ್ತಿ ಕುಂದಿದರೆ ಎಣ್ಣೆ ತಿಕ್ಕುತ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಿ. ಊತದ ಜೊತೆ ಎದೆ ನೋವೋ ಉಸಿರಾಟದ ತೊಂದರೆಯೋ ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ.