ರೀಲ್ ಮೋವರನ್ನ ಸಾಣೆಗೆ ಕೊಡೋ ಮುಂಚೆ ಇದನ್ನ ಓದಿ

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಎಸ್ಟೇಟ್ ಬಂಗಲೆಗಳಲ್ಲಿದ್ದ ಕೈಲಿ ತಳ್ಳೋ ಹಳೇ ರೀಲ್ ಮೋವರ್, ಅಂದ್ರೆ ಹುಲ್ಲು ಕತ್ತರಿಸೋ ಮಷೀನ್, ನಿಮ್ಮ ಮನೇಲಿದ್ರೆ, ದಯವಿಟ್ಟು ಅದರ ರೀಲನ್ನ (ಅಲಗುಗಳಿರೋ, ತಿರುಗೋ ಉರುಳೆ) ವರ್ಕ್‌ಶಾಪಲ್ಲಿ ನಂಬಿ ಬಿಟ್ಟು ಬರಬೇಡಿ. ನಾನು ಬಿಟ್ಟು ಬಂದೆ. ಆರು ಅಲಗಿನ ಒಳ್ಳೇ ರೀಲು ಹಾಳಾಯ್ತು, 2,800 ರೂಪಾಯಿನೂ ಹೋಯ್ತು.

ಬಿಚ್ಚೋದು, ತುಕ್ಕು ತೆಗೆಯೋದು, ಬುಶ್‌ಗೆ (ರೀಲಿನ ಅಕ್ಷ ಕೂರೋ ಬಳೆ) ಗ್ರೀಸ್ ಹಾಕೋದು ಎಲ್ಲ ಮನೇಲೇ ಮುಗಿದಿತ್ತು. ಉಳಿದಿದ್ದು ಸಾಣೆ ಒಂದೇ. ಊರಿನ ಒಂದು ವರ್ಕ್‌ಶಾಪಿನವರು "ಸಿಲಿಂಡರ್ ಗ್ರೈಂಡರಲ್ಲೇ ಹಾಕಿ ಕೊಡ್ತೀವಿ ಸಾರ್" ಅಂದ್ರು. ರೀಲನ್ನ ಪೂರ್ತಿಯಾಗಿ ಕೂರಿಸಿ ಸಾಣೆ ಹಿಡಿಯೋ ಆ ಮಷೀನ್ ಅಲ್ಲಿದೆಯಾ ಅಂತ ನಾನು ಒಳಗೆ ಹೋಗಿ ನೋಡಲೇ ಇಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿಯೂ ನೋಡಲಿಲ್ಲ! ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ.

ವಾಪಸ್ ಬಂದಾಗ ಫಳಫಳ ಹೊಳೀತಿತ್ತು. ಜೋಡಿಸಿ, ರೀಲಿನ ಅಲಗಿಗೂ ಕೆಳಗೆ ಅಲುಗದೆ ಕೂತಿರೋ ಬಾಟಮ್ ಬ್ಲೇಡಿಗೂ ಮಧ್ಯೆ ಪೇಪರ್ ಇಟ್ಟು ತಿರುಗಿಸಿದೆ. ಎಡ ತುದಿ ಕತ್ತರಿಸ್ತು. ಬಲ ತುದಿ ಕತ್ತರಿಸ್ತು. ಮಧ್ಯದಲ್ಲಿ ಪೇಪರ್ ಬಗ್ಗಲೂ ಇಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿದು ರೀಲಿನ ವ್ಯಾಸ ಅಳೆದೆ: ಎರಡೂ ತುದಿ 127 ಮಿ.ಮೀ., ಮಧ್ಯ 124. ಅಂಚಲ್ಲಿ ಅಲ್ಲಲ್ಲಿ ನೀಲಿ ಕಲೆ ಬೇರೆ. ಹೊಟ್ಟೆ ಧಸಕ್ ಅಂತು. ಆಂಗಲ್ ಗ್ರೈಂಡರ್ ಹಿಡಿದು ಒಂದೊಂದೇ ಅಲಗನ್ನ ಕೈಲೇ ಉಜ್ಜಿದ್ದಾರೆ! ನೀಲಿಗಟ್ಟಿದೆ ಅಂದ್ರೆ ಕಾವಿಗೆ ಉಕ್ಕಿನ ಹದ ಹೋಗಿದೆ, ಆ ಜಾಗದಲ್ಲಿ ಹರಿತ ನಿಲ್ಲಲ್ಲ.

ಫೋನ್ ಮಾಡಿದೆ. "ಹುಲ್ಲು ಒದ್ದೆ ಇರುತ್ತೆ ಸಾರ್, ಮಳೆ ಅಲ್ವಾ." ಹುಲ್ಲಲ್ಲ ಮಾರಾಯ್ರೇ, ಪೇಪರ್ ಅಂದೆ. "ಬಾಟಮ್ ಬ್ಲೇಡ್ ಟೈಟ್ ಮಾಡಿ." ಟೈಟ್ ಮಾಡಿದ್ರೆ ತುದಿಗಳು ಕಚ್ಕೊಂಡು ರೀಲು ತಿರುಗೋದೇ ನಿಲ್ಲುತ್ತೆ, ಮಧ್ಯದ ಒಂದೂವರೆ ಮಿ.ಮೀ. ಸಂದು ಹಾಗೇ ಇರುತ್ತೆ. ಕೊನೇಗೆ "ಹಳೇ ಕಬ್ಬಿಣ, ಇಷ್ಟೇ ಬರೋದು" ಅಂದ್ರು. ಹಳೇ ಕಬ್ಬಿಣ ಅಂತೆ! ಕೊಡುವಾಗ ಅದರ ಅಂಚು ನೇರವಾಗಿತ್ತು.

ಬರೀ ಮೊಂಡಾಗಿರೋ ರೀಲಿಗೆ ಸಾಣೆಯೇ ಬೇಡ. ಆಟೋಮೊಬೈಲ್ ಅಂಗಡೀಲಿ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸಿಗುತ್ತೆ, ತರಿ ಇರೋದನ್ನ ತಗೊಳ್ಳಿ. ಸ್ವಲ್ಪ ಎಣ್ಣೆ ಕಲಸಿ ಅಲಗುಗಳ ಅಂಚಿಗೆ ಬ್ರಷ್ಷಲ್ಲಿ ಹಚ್ಚಿ, ಬಾಟಮ್ ಬ್ಲೇಡನ್ನ ಸವರೋ ಹಾಗೆ ಮಾತ್ರ ತಾಗಿಸಿ, ರೀಲನ್ನ ಹಿಂದಕ್ಕೆ ತಿರುಗಿಸ್ತಾ ಹೋಗಿ. ಹಿಂದಕ್ಕೇ. ಮುಂದಕ್ಕೆ ತಿರುಗಿಸಿದ್ರೆ ಅಂಚು ಹಾಳು. ಸರ್‌ಸರ್ ಸದ್ದು ಕಡಿಮೆಯಾದಾಗ ಬಾಟಮ್ ಬ್ಲೇಡಿನ ಎರಡೂ ಕಡೆ ಸ್ಕ್ರೂ ಒಂಚೂರೇ ಬಿಗಿ ಮಾಡಿ, ಮತ್ತೆ ಪೇಸ್ಟ್. ಅಂಚಿನ ಉದ್ದಕ್ಕೂ ಒಂದೇ ಅಗಲದ ಮಂಕು ಗೆರೆ ಬಂದ್ರೆ ಆಯ್ತು. ಸೀಮೆಎಣ್ಣೆ ಹಾಕಿ ಪೂರ್ತಿ ತೊಳೀರಿ, ಬುಶ್ ಒಳಗೆ ಪೇಸ್ಟ್ ಸೇರಿದ್ರೆ ಅದನ್ನೂ ತಿನ್ನುತ್ತೆ. ಚಕ್ರ ಬಿಚ್ಚಿದ್ರೆ ಪಿನಿಯನ್ (ರೀಲನ್ನ ತಿರುಗಿಸೋ ಚಿಕ್ಕ ಹಲ್ಲುಗಾಲಿ) ಎಡ ಯಾವುದು, ಬಲ ಯಾವುದು ಅಂತ ಗುರುತು ಹಾಕಿಡಿ. ಅದಲು ಬದಲಾದ್ರೆ ಮುಂದಕ್ಕೆ ತಳ್ಳಿದಾಗ ಚಕ್ರ ಓಡುತ್ತೆ, ರೀಲು ತಿರುಗಲ್ಲ.

ಅಲಗು ಆಳವಾಗಿ ಕಚ್ಚು ಬಿದ್ದಿದ್ರೆ ಮಾತ್ರ ಗ್ರೈಂಡಿಂಗ್ ಬೇಕು. ಆಗ ಮೂರು ಕಡೆ ಅಳತೆ ಬರ್ಕೊಂಡು, ಅದರ ಫೋಟೋ ತೆಗೆದು, ಮಷೀನ್ ಕಣ್ಣಾರೆ ನೋಡಿ ಕೊಡಿ. ರೀಲು ಎರಡು ಸೆಂಟರ್ (ಎರಡೂ ತುದಿಯಲ್ಲಿ ಹಿಡಿಯೋ ಮೊನೆ) ಮಧ್ಯೆ ಕೂತಿರಬೇಕು, ಸಾಣೆ ಕಲ್ಲು ಅದರ ಉದ್ದಕ್ಕೆ ಓಡಾಡಬೇಕು. ನನ್ನ ಹತ್ರ ಮುಂಚಿನ ಅಳತೆಯ ಫೋಟೋ ಇರಲಿಲ್ಲ. "ಬಂದಾಗಲೇ ಹಾಗಿತ್ತು" ಅಂತ ಈಗ ಹೇಳ್ತಿದ್ದಾರೆ.